'ನಕ್ಕೊ', 'ನಕ್ಕ್' ಮತ್ತು ಜನಗಣತಿಯ ಒಂದು ಕಾಲಂ

ಕರಾವಳಿಯ ನಮಗೆ ಕಲಬುರಗಿ ಅಂದರೆ ಮೊದಲು ನೆನಪಾಗುವುದು ಖಾಜಾ ಬಂದೇನವಾಜರ ದರ್ಗಾ. ಅಲ್ಲಿನ ಮುಸ್ಲಿಮರೆಲ್ಲ ಉರ್ದುವಿನವರು, ನಾವು ಬೇರೆ ಅನ್ನೋದು ನಮ್ಮಲ್ಲಿ ಸಾಮಾನ್ಯ ಮಾತು. ಆದರೆ ಮನೆಯಲ್ಲಿ, ಮಾರ್ಕೆಟಿನಲ್ಲಿ ಅವರು ಆಡುವುದು ದಖ್ಖನಿ. ಬೇಡ ಅನ್ನಲು ಅವರು 'ನಕ್ಕೊ' ಅನ್ನುತ್ತಾರೆ. ಅದು ಮರಾಠಿಯ 'ನಕೊ'ಗೆ ನೆಂಟ, ಲಖನೌ ಉರ್ದುವಿಗೆ ದೂರ. ನಮ್ಮ ಬ್ಯಾರಿಯಲ್ಲಿ 'ನಕ್ಕ್' ಅಂದರೆ ನನಗೆ. ಅಲ್ಲಿ ಚಹಾ ತಂದವರಿಗೆ ನಾವು 'ನಕ್ಕ್' ಅಂದರೆ ಲೋಟ ವಾಪಸ್ ಹೋದೀತು!

ಹೀಗೆ ಬಾಯಲ್ಲಿ ದಖ್ಖನಿ, ಕಾಗದದಲ್ಲಿ ಉರ್ದು. ಈ ಎರಡರ ನಡುವೆ ಕಲಬುರಗಿ ಬಹಳ ನೋವು ಉಂಡಿದೆ. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಕೋರ್ಟಿನ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಧನೆ, ಒಪ್ಪಲೇಬೇಕು. ಆದರೆ ಸಂಸ್ಥಾನದಲ್ಲಿ ಹೆಚ್ಚಿನ ಜನ ಆಡುತ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ಕವಿರಾಜಮಾರ್ಗ ಹುಟ್ಟಿದ ಮಳಖೇಡ ಇದೇ ಜಿಲ್ಲೆಯಲ್ಲಿದ್ದರೂ ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ ದುರ್ಲಭವಾಗಿತ್ತು. ಆ ಸಿಟ್ಟು ನ್ಯಾಯದ್ದೇ.

ಸಿಟ್ಟು ದಾರಿ ತಪ್ಪಿದ್ದು ಆಮೇಲೆ. ಉರ್ದು ಅಂದರೆ ನಿಜಾಮ, ನಿಜಾಮ ಅಂದರೆ ರಜಾಕಾರ ಎಂದು ಗಂಟು ಹಾಕಿಬಿಟ್ಟರು. ಆದರೆ ಹೈದರಾಬಾದ್ ಭಾರತಕ್ಕೆ ಸೇರಲಿ ಎಂದು ಉರ್ದುವಿನಲ್ಲೇ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ರಜಾಕಾರರೇ ಕೊಂದರು. ಮುಂದಿನ ತಿಂಗಳು ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ನಂತರದ ಹಿಂಸೆಯಲ್ಲಿ ಸಂಸ್ಥಾನದಾದ್ಯಂತ ಕಡಿಮೆಯೆಂದರೂ 27ರಿಂದ 40 ಸಾವಿರ ಜನ ಸತ್ತರು ಎಂದು ಕೇಂದ್ರವೇ ಕಳಿಸಿದ ಸುಂದರ್‌ಲಾಲ್ ಸಮಿತಿ ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನರಳಿದ ಜಿಲ್ಲೆಗಳ ಸಾಲಿನಲ್ಲಿ ಗುಲ್ಬರ್ಗವೂ ಇತ್ತು. ರಜಾಕಾರರ ಕ್ರೌರ್ಯವನ್ನು ಪ್ರತಿ ಸೆಪ್ಟೆಂಬರ್ 17ಕ್ಕೆ ನೆನೆಯುತ್ತೇವೆ, ನೆನೆಯಬೇಕು ಕೂಡ. ಈ ಎರಡನೆಯ ಲೆಕ್ಕ ಮಾತ್ರ ಯಾರ ಭಾಷಣದಲ್ಲೂ ಬರುವುದು ಅಪರೂಪ. 1956ರಲ್ಲಿ ಭಾಷೆಯ ಆಧಾರದ ರಾಜ್ಯ ಬಂತು, ಕಲಬುರಗಿ ಕನ್ನಡ ನಾಡಿಗೆ ಸೇರಿತು.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಈಗ ತಾಲೂಕು ಕೇಂದ್ರ. ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿಗರು ಆಡುವುದು ಗೋರ್‌ಬೋಲಿ. ಇದಕ್ಕೂ ನಮ್ಮ ಬ್ಯಾರಿಗೂ ಒಂದು ಹೋಲಿಕೆ ಇದೆ. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಎರಡೂ ಇಲ್ಲ, ಎರಡನ್ನೂ ಇಲ್ಲಿ ಬರೆಯುವುದು ಕನ್ನಡ ಲಿಪಿಯಲ್ಲಿ. ಗಡಿ ದಾಟಿದರೆ ಗೋರ್‌ಬೋಲಿಗೆ ತೆಲುಗು ಲಿಪಿ, ಇನ್ನೊಂದು ಕಡೆ ದೇವನಾಗರಿ. ತಾಂಡಾದ ಮಗು ಒಂದನೇ ಕ್ಲಾಸಿನಲ್ಲಿ ಮೊದಲ ಸಲ ಕನ್ನಡದಲ್ಲಿ ಪಾಠ ಕೇಳಿದಾಗ ಬಾಯಿ ಮುಚ್ಚಿ ಕೂರುತ್ತದಲ್ಲ, ಆ ಮೌನ ನಮ್ಮ ಉಮ್ಮಂದಿರ ತಲೆಮಾರಿಗೂ ಗೊತ್ತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯಕ್ಕೆ ಪ್ರಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಹೇಳುತ್ತದೆ, ಅಷ್ಟೆ.

ಇನ್ನು ಲೆಕ್ಕಕ್ಕೆ ಬನ್ನಿ. 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೃಭಾಷೆ ಲಮಾಣಿ/ಲಂಬಾಡಿ ಎಂದು ಬರೆಸಿದರು. ಪಟ್ಟಿಯಲ್ಲಿ ಅವರು ಸೇರಿದ್ದು ಹಿಂದಿ ಗುಂಪಿಗೆ! ಭೋಜಪುರಿ, ರಾಜಸ್ಥಾನಿಯವರನ್ನೂ ಸೇರಿಸಿಕೊಂಡೇ ಹಿಂದಿ ಸುಮಾರು 52 ಕೋಟಿ ದಾಟಿದ್ದು. ದೇಶದಲ್ಲಿ ಶೇ. 43 ಜನರ ಭಾಷೆ ಹಿಂದಿ ಎಂದು ದಿಲ್ಲಿಯಲ್ಲಿ ಯಾರಾದರೂ ಎದೆ ತಟ್ಟಿಕೊಂಡರೆ, ಅದರೊಳಗೆ ಕಮಲಾಪುರದ ತಾಂಡಾದ ಅಜ್ಜಿಯೂ ಇದ್ದಾಳೆ. ಆಕೆಗೆ ಹಿಂದಿ ಬರುತ್ತದೋ ಇಲ್ಲವೋ ಯಾರೂ ಕೇಳಿಲ್ಲ.

ಮುಂದಿನ ಜನಗಣತಿ 2027ಕ್ಕೆ. ಮಾತೃಭಾಷೆಯ ಕಾಲಂಗೆ ಬಂದಾಗ ಕನ್ನಡವೋ ಮಲಯಾಳವೋ, ಏನಾದ್ರೂ ಹಾಕಿಕೊಳ್ಳಿ ಅನ್ನುವವರು ನಮ್ಮಲ್ಲೂ ಇದ್ದಾರೆ. ಮನೆಯವರು ಹೇಳಿದ ಹೆಸರನ್ನೇ ಗಣತಿದಾರರು ಬರೆದುಕೊಳ್ಳಬೇಕು ಎಂಬುದು ನಿಯಮ. ಯಾವ ಗುಂಪಿಗೆ ಸೇರಿಸುವುದು ಎಂಬುದು ಆಮೇಲೆ ದಿಲ್ಲಿಯಲ್ಲಿ ನಡೆಯುವ ಕೆಲಸ. ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಬರೆಸಿದ ಹೆಸರು 'ಇತರೆ'ಯಲ್ಲಿ ಸೇರಿಹೋಗುತ್ತದೆ. ಬ್ಯಾರಿ ಮಾತಾಡುವ ಮನೆಯವರು 'ಬ್ಯಾರಿ' ಎಂದೇ ಬರೆಸಿ, ಗಣತಿದಾರರು ಏನು ಬರೆದುಕೊಂಡರು ಎಂದು ಒಮ್ಮೆ ಕೇಳಿ ನೋಡಿ.