ಹತ್ತು ಮತಗಳ ಕಥನ: ಬರ್ಲಿಂಗ್ಟನ್ ನಗರದ ರಾಜಕೀಯ ಒಲವು ಮತ್ತು ಮತದಾನ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದ ಅತಿ ದೊಡ್ಡ ನಗರ ಬರ್ಲಿಂಗ್ಟನ್. 'ಅತಿ ದೊಡ್ಡ' ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. 2020ರ ಜನಗಣತಿಯಂತೆ ಅದರ ಜನಸಂಖ್ಯೆ 44,743 ಮಾತ್ರ. ಶಾಂಪ್ಲೇನ್ ಸರೋವರದ ದಂಡೆಯ ಈ ಊರನ್ನು ಇಂದು ಎಡಪಂಥೀಯ ಒಲವಿನ ನೆಲೆಯೆಂದು ಗುರುತಿಸುವುದು ವಾಡಿಕೆ. ಆದರೆ ಈ ಒಲವು ಪರಂಪರೆಯಿಂದ ಬಂದುದಲ್ಲ. 1856ರಿಂದ 1960ರವರೆಗಿನ ಎಲ್ಲ ಅಧ್ಯಕ್ಷೀಯ ಚುನಾವಣೆಗಳಲ್ಲಿಯೂ ವರ್ಮಾಂಟ್ ರಿಪಬ್ಲಿಕನ್ ಪಕ್ಷದ ಕೈ ಬಿಟ್ಟಿರಲಿಲ್ಲ. 1936ರಲ್ಲಿ ರೂಸ್‌ವೆಲ್ಟ್ ಅಲೆಗೆ ಎದುರಾಗಿ ನಿಂತ ಎರಡೇ ರಾಜ್ಯಗಳಲ್ಲಿ ಅದೂ ಒಂದು. ಐರಿಷ್ ಹಾಗೂ ಫ್ರೆಂಚ್-ಕೆನಡಿಯನ್ ಮೂಲದ ಕ್ಯಾಥೊಲಿಕ್ ದುಡಿಮೆಗಾರರು ನೆಲೆಸಿದ್ದ ಬರ್ಲಿಂಗ್ಟನ್ ನಗರವಾದರೋ ಡೆಮಾಕ್ರಟಿಕ್ ಪಕ್ಷದ ಕಡೆಗೆ ವಾಲಿತ್ತು. ಆದರೆ ಆ ಪಕ್ಷದ ಸ್ಥಳೀಯ ಮುಖಂಡತ್ವವು ಸಮಾಜವಾದಿ ಸ್ವರೂಪದ್ದಾಗಿರಲಿಲ್ಲ.

ಈ ನಗರದ ಚುನಾವಣಾ ಕಥನದಲ್ಲಿ ಕೇಂದ್ರಸ್ಥಾನ ಪಡೆದಿರುವುದು 1981ರ ಮಾರ್ಚ್ 3ರ ಮೇಯರ್ ಚುನಾವಣೆ. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ವರ್ಮಾಂಟ್ ರೇಗನ್ ಅವರನ್ನು ಬೆಂಬಲಿಸಿತ್ತು. ಹಲವು ಅವಧಿಗಳಿಂದ ಮೇಯರ್ ಆಗಿದ್ದ ಗಾರ್ಡನ್ ಪ್ಯಾಕೆಟ್ ಅವರೆದುರು ರಿಪಬ್ಲಿಕನ್ನರು ಅಭ್ಯರ್ಥಿಯನ್ನೇ ನಿಲ್ಲಿಸಲಿಲ್ಲ. ಪಕ್ಷೇತರರಾಗಿ ನಿಂತ ಬರ್ನಿ ಸ್ಯಾಂಡರ್ಸ್ ಅದಕ್ಕೆ ಮೊದಲು ರಾಜ್ಯಮಟ್ಟದ ಚುನಾವಣೆಗಳಲ್ಲಿ ನಾಲ್ಕು ಬಾರಿ ಸೋತವರು. 1976ರ ಗವರ್ನರ್ ಚುನಾವಣೆಯಲ್ಲಿ ಅವರಿಗೆ ದೊರೆತದ್ದು ಶೇ. 6ರಷ್ಟು ಮತ. ಆದರೆ ಆ ಅಲ್ಪ ಮತಗಳಲ್ಲಿಯೂ ಬರ್ಲಿಂಗ್ಟನ್ನಿನ ದುಡಿಯುವ ವರ್ಗದ ವಾರ್ಡುಗಳ ಪಾಲು ಗಮನಾರ್ಹವಾಗಿದೆಯೆಂಬುದನ್ನು ಗುರುತಿಸಿ, ಮೇಯರ್ ಸ್ಥಾನಕ್ಕೆ ಸ್ಪರ್ಧಿಸುವಂತೆ ಹುರಿದುಂಬಿಸಿದವರು ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಿಚರ್ಡ್ ಶುಗರ್‌ಮನ್. ಆಸ್ತಿ ತೆರಿಗೆಯ ಏರಿಕೆಯ ಪ್ರಸ್ತಾಪ, ಸರೋವರದ ದಂಡೆಯಲ್ಲಿ ಸಿರಿವಂತರಿಗಾಗಿ ಎತ್ತರದ ಕಟ್ಟಡಗಳನ್ನೆಬ್ಬಿಸುವ ಯೋಜನೆ, ಬಾಡಿಗೆದಾರರ ಸಂಕಷ್ಟ ಇವೆಲ್ಲ ಪ್ರಚಾರದ ವಸ್ತುಗಳಾದವು. ಪೊಲೀಸರ ಸಂಘವೂ ಈ ಸಮಾಜವಾದಿಯನ್ನೇ ಬೆಂಬಲಿಸಿತು. ಮರುಎಣಿಕೆಯ ನಂತರ ಉಳಿದ ಅಂತರ ಹತ್ತೇ ಮತ.

ಯಾವುದೇ ಜನಸಮುದಾಯ ತನ್ನ ಇತಿಹಾಸವನ್ನು ನೆನಪಿಟ್ಟುಕೊಳ್ಳುವುದು ದಾಖಲೆಗಳಿಂದಲ್ಲ, ಹೇಳಿಕೊಳ್ಳಲು ಸುಲಭವಾದ ಸಂಖ್ಯೆಗಳಿಂದ ಮತ್ತು ಅಡ್ಡಹೆಸರುಗಳಿಂದ. 'ಹತ್ತು ಮತ' ಎಂಬುದು ಅಂಥ ಒಂದು ಸಂಖ್ಯೆ. ಒಂದು ಮತಕ್ಕೂ ಬೆಲೆಯಿದೆಯೆಂದು ಸಾರುವವರೆಲ್ಲರ ಬಾಯಲ್ಲಿ ಅದು ದೃಷ್ಟಾಂತವಾಯಿತು. ಹೊಸ ಮೇಯರರ ಹಿಂಬಾಲಕರಿಗೆ ನಿಕರಾಗುವಾದ ಸ್ಯಾಂಡಿನಿಸ್ಟಾಗಳ ಹೆಸರನ್ನು ತಿರುಚಿ 'ಸ್ಯಾಂಡರಿಸ್ಟಾ' ಎಂಬ ಅಡ್ಡಹೆಸರಿಟ್ಟರು. ಊರಿಗೇ 'ಬರ್ಲಿಂಗ್ಟನ್ ಜನತಾ ಗಣರಾಜ್ಯ' ಎಂಬ ಹೆಸರು ಬಂತು. ಹಂಗಿಸಲು ಹುಟ್ಟಿದ ಹೆಸರು ಹೆಮ್ಮೆಯ ಬಿರುದಾಗುವ ಪರಿ ಜಾನಪದದ ಅಭ್ಯಾಸಿಗಳಿಗೆ ಹೊಸತೇನಲ್ಲ. 1987ರಲ್ಲಿ ಇದೇ ಮೇಯರ್ ಸ್ಥಳೀಯ ಕಲಾವಿದರೊಡನೆ ಜನಪದ ಗೀತೆಗಳ ಧ್ವನಿಮುದ್ರಿಕೆಯೊಂದನ್ನು ಹೊರತಂದರು. ಅದರಲ್ಲಿ ಅವರು ಹಾಡಿದ್ದಕ್ಕಿಂತ ಮಾತನಾಡಿದ್ದೇ ಹೆಚ್ಚು.

ದೃಷ್ಟಾಂತದ ಹೊಳಪಿನಲ್ಲಿ ಮರೆಯಾಗುವ ಸಂಗತಿಯೊಂದಿದೆ. ಹತ್ತು ಮತಗಳು ಗೆಲುವನ್ನು ತಂದವೇ ಹೊರತು ಅಧಿಕಾರವನ್ನು ತರಲಿಲ್ಲ. ಹದಿಮೂರು ಸದಸ್ಯರ ನಗರಸಭೆಯಲ್ಲಿ ಮೇಯರರ ಪರವಾಗಿದ್ದವರು ಇಬ್ಬರೇ. ಅವರು ಸೂಚಿಸಿದ ಅಧಿಕಾರಿಗಳ ನೇಮಕಾತಿಯನ್ನು ಬಹುಮತವು ತಿರಸ್ಕರಿಸಿತು. ಬಿಕ್ಕಟ್ಟನ್ನು ಬಿಡಿಸಿದ್ದು ಮತದಾರರ ಸಂಖ್ಯೆ. 1982ರಲ್ಲಿ ಮೇಯರರ ಬೆಂಬಲಿಗರು ಹೆಚ್ಚು ಸ್ಥಾನಗಳನ್ನು ಗಳಿಸಿದರು. 1983ರಲ್ಲಿ ಎರಡೂ ದೊಡ್ಡ ಪಕ್ಷಗಳು ಅಭ್ಯರ್ಥಿಗಳನ್ನು ಹೂಡಿದರೂ ಸ್ಯಾಂಡರ್ಸ್ ಶೇ. 52ರಷ್ಟು ಮತ ಪಡೆದರು. 1979ಕ್ಕೆ ಹೋಲಿಸಿದರೆ ಮತದಾನ ಬಹುತೇಕ ಇಮ್ಮಡಿಯಾಯಿತೆಂಬುದು ಸ್ವತಃ ಅವರು ಮತ್ತೆ ಮತ್ತೆ ಹೇಳಿಕೊಂಡಿರುವ ಮಾತು. ಬಾಡಿಗೆದಾರರು ಮತ್ತು ಬಡ ವಾರ್ಡುಗಳ ನಿವಾಸಿಗಳು ಮತಗಟ್ಟೆಗೆ ಬರುವುದಿಲ್ಲವೆಂಬ ಲೆಕ್ಕಾಚಾರದ ಮೇಲೆ ನಿಂತಿದ್ದ ಹಳೆಯ ರಾಜಕಾರಣ, ಅವರು ಬಂದೊಡನೆ ಕುಸಿಯಿತು.

ಇಲ್ಲಿ ಋತುಮಾನವನ್ನೂ ಗಮನಿಸಬೇಕು. ವರ್ಮಾಂಟಿನ ಸ್ಥಳೀಯ ಚುನಾವಣೆಗಳು ನಡೆಯುವುದು ಮಾರ್ಚ್ ತಿಂಗಳ ಮೊದಲ ಮಂಗಳವಾರ, ಹಳ್ಳಿಗಳಲ್ಲಿ ಊರವರೆಲ್ಲ ಸಭೆ ಸೇರಿ ಆಯವ್ಯಯವನ್ನು ತೀರ್ಮಾನಿಸುವ ಪುರಾತನ ಪದ್ಧತಿಯ ದಿನದಂದು. ಆಗಿನ್ನೂ ಹಿಮ ಕರಗಿರುವುದಿಲ್ಲ. ನವೆಂಬರಿನ ಅಧ್ಯಕ್ಷೀಯ ಚುನಾವಣೆಗೆ ಧಾವಿಸುವ ಮತದಾರನು ಮಾರ್ಚ್ ತಿಂಗಳಲ್ಲಿ ಮನೆಯಲ್ಲೇ ಉಳಿಯುವುದು ಸಾಮಾನ್ಯ. ಹೀಗಾಗಿ ಊರಿನ ಒಲವೆಂಬುದು ಯಾರು ಮನೆಯಿಂದ ಹೊರಬಿದ್ದರೆಂಬುದನ್ನು ಅವಲಂಬಿಸುತ್ತದೆ. ಈ ರಾಜ್ಯದಲ್ಲಿ ಮತದಾರರು ತಮ್ಮ ಪಕ್ಷವನ್ನು ನೋಂದಾಯಿಸುವ ಪದ್ಧತಿಯೂ ಇಲ್ಲದಿರುವುದರಿಂದ ಒಲವನ್ನು ಮುಂಚಿತವಾಗಿ ಅಳೆಯುವುದು ಕಷ್ಟ.

2009ರ ಮೇಯರ್ ಚುನಾವಣೆ ಇದಕ್ಕೆ ಇನ್ನೊಂದು ನಿದರ್ಶನ. ಮತದಾರರು ಅಭ್ಯರ್ಥಿಗಳನ್ನು ಆದ್ಯತೆಯ ಕ್ರಮದಲ್ಲಿ ಗುರುತಿಸುವ ಪದ್ಧತಿ ಆಗ ಜಾರಿಯಲ್ಲಿತ್ತು. ಮೊದಲ ಆದ್ಯತೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಕರ್ಟ್ ರೈಟ್ ಮುಂದಿದ್ದರೂ ಕೊನೆಯ ಸುತ್ತಿನಲ್ಲಿ ಪ್ರೋಗ್ರೆಸಿವ್ ಪಕ್ಷದ ಬಾಬ್ ಕಿಸ್ 4,313 ಮತಗಳಿಂದ ಗೆದ್ದರು. ರೈಟ್ ಪಡೆದದ್ದು 4,061. ಒಬ್ಬರ ಎದುರು ಒಬ್ಬರಂತೆ ಎಣಿಸಿದ್ದರೆ ಇಬ್ಬರನ್ನೂ ಸೋಲಿಸಬಹುದಾಗಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಆಂಡಿ ಮಾಂಟ್ರೊಲ್ ಮೂರನೆಯವರಾಗಿ ಹೊರಬಿದ್ದಿದ್ದರು. ಚುನಾವಣಾ ಗಣಿತಜ್ಞರಿಗೆ ಇದು ರಸಕವಳ, ಸೋತವರಿಗೆ ಅನ್ಯಾಯ. 2010ರಲ್ಲಿ ಸುಮಾರು ಶೇ. 52ರಷ್ಟು ಮತದಾರರು ಪದ್ಧತಿಯನ್ನು ರದ್ದುಗೊಳಿಸಿದರು. ಆ ತೀರ್ಪಿಗೆ ಬಲ ತುಂಬಿದ್ದು ನಗರದ ಉತ್ತರ ತುದಿಯ, ಮನೆ ಮಾಲೀಕರು ಹೆಚ್ಚಿರುವ ಬಡಾವಣೆ. 2021ರಲ್ಲಿ ನಗರಸಭೆಗೆ, 2023ರಲ್ಲಿ ಮೇಯರ್ ಸ್ಥಾನಕ್ಕೆ ಅದೇ ಪದ್ಧತಿಯನ್ನು ಮತದಾರರೇ ಮರಳಿ ತಂದರು. 2024ರಲ್ಲಿ ಎಮ್ಮಾ ಮಲ್ವೇನಿ-ಸ್ಟಾನಕ್ ಮೊದಲ ಸುತ್ತಿನಲ್ಲೇ ಬಹುಮತ ಪಡೆದು ನಗರದ ಪ್ರಥಮ ಮಹಿಳಾ ಮೇಯರ್ ಆದರು.

ಹಳೆಯ ಉತ್ತರ ಬಡಾವಣೆಯೆಂದು ಕರೆಯಲಾಗುವ ದುಡಿಮೆಗಾರರ ಕೇರಿಗಳಲ್ಲಿ ಈಗ ಐರಿಷ್, ಫ್ರೆಂಚ್ ಮನೆತನಗಳ ಜೊತೆಗೆ ಭೂತಾನದಿಂದ ಹೊರದೂಡಲ್ಪಟ್ಟ ನೇಪಾಳಿ ಭಾಷಿಕರು, ಸೊಮಾಲಿಯಾ ಮತ್ತು ಕಾಂಗೋ ಮೂಲದವರು ವಾಸಿಸುತ್ತಾರೆ. ಪೌರತ್ವವಿಲ್ಲದ, ಆದರೆ ಕಾನೂನುಬದ್ಧವಾಗಿ ನೆಲೆಸಿರುವ ನಿವಾಸಿಗಳಿಗೂ ಸ್ಥಳೀಯ ಚುನಾವಣೆಗಳಲ್ಲಿ ಮತದಾನದ ಹಕ್ಕು ನೀಡುವ ತಿದ್ದುಪಡಿಯನ್ನು 2023ರ ಮಾರ್ಚ್‌ನಲ್ಲಿ ನಗರದ ಮತದಾರರು ಅಂಗೀಕರಿಸಿದರು. ಗವರ್ನರ್ ಅದನ್ನು ತಡೆಹಿಡಿದಾಗ ರಾಜ್ಯ ಶಾಸನಸಭೆ ಆ ತಡೆಯನ್ನು ಮೀರಿ ಜಾರಿಗೊಳಿಸಿತು. 2024ರ ಮಾರ್ಚ್ ಚುನಾವಣೆಯಲ್ಲಿ ಅವರು ಮೊದಲ ಬಾರಿಗೆ ಮತ ಚಲಾಯಿಸಿದರು.