ಮನಃಪರೀಕ್ಷೆಯೂ ಮಾನವಮರ್ಯಾದೆಯೂ

ಮನುಷ್ಯನ ಮನಸ್ಸನ್ನು ಅರಿಯಬೇಕೆಂಬ ಕುತೂಹಲವು ದೋಷವಲ್ಲ. ಆದರೆ ಪರೀಕ್ಷಿಸಲ್ಪಡುವ ವಸ್ತುವು ಲೋಹವೋ ಸಸ್ಯವೋ ಆಗಿರದೆ, ನಮ್ಮಂತೆಯೇ ಲಜ್ಜೆ, ಭಯ, ಅಭಿಮಾನಗಳುಳ್ಳ ಜೀವಿಯಾಗಿರುವಾಗ, ಪರೀಕ್ಷಕನಿಗೂ ಕೆಲವು ಕಟ್ಟುಪಾಡುಗಳು ಅವಶ್ಯವಲ್ಲವೇ?

1961ನೆಯ ಇಸವಿಯಲ್ಲಿ ಅಮೆರಿಕಾದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಪಂಡಿತನು ಒಂದು ಪ್ರಯೋಗವನ್ನು ಆರಂಭಿಸಿದನು. ಶಿಕ್ಷೆಯಿಂದ ಕಲಿಕೆಯ ಮೇಲಾಗುವ ಪರಿಣಾಮವನ್ನು ತಿಳಿಯುವುದಕ್ಕೆಂದು ಹೇಳಿ, ನಾಲ್ಕೂವರೆ ಡಾಲರು ಸಂಭಾವನೆಯಿತ್ತು ಜನರನ್ನು ಕರೆಸಿದನು. ಪಕ್ಕದ ಕೊಠಡಿಯಲ್ಲಿರುವವನು ತಪ್ಪು ಹೇಳಿದಾಗಲೆಲ್ಲ, ಬಂದವನು 15 ವೋಲ್ಟಿನಿಂದ 450 ವೋಲ್ಟಿನವರೆಗೆ ಏರುವ ವಿದ್ಯುದಾಘಾತವನ್ನು ಕೊಡಬೇಕು. ವಾಸ್ತವವಾಗಿ ಒಳಗಿದ್ದವನು ಮಿಲ್‌ಗ್ರಾಮನ ಕಡೆಯವನೇ. ಅವನಿಗೆ ಯಾವ ಆಘಾತವೂ ತಗಲುತ್ತಿರಲಿಲ್ಲ. ಅಪ್ಪಣೆಗೆ ಮನುಷ್ಯನು ಎಲ್ಲಿಯವರೆಗೆ ತಲೆಬಾಗುವನೆಂಬುದೇ ನಿಜವಾದ ಪರೀಕ್ಷೆ. 1963ರಲ್ಲಿ ಪ್ರಕಟವಾದ ವರದಿಯಂತೆ, 40 ಮಂದಿಯಲ್ಲಿ 26 ಮಂದಿ ಕಡೆಯವರೆಗೂ ಹೋದರು. ಅನೇಕರು ಬೆವರಿದರು, ನಡುಗಿದರು, ತೊದಲಿದರು. ನಿಲ್ಲಿಸುವೆನೆಂದವರಿಗೆ, ಮುಂದುವರಿಸಲೇಬೇಕೆಂಬ ಉತ್ತರವು ಬರುತ್ತಿದ್ದಿತು.

1964ರಲ್ಲಿ ಡಯಾನಾ ಬಾಮ್ರಿಂಡ್ ಎಂಬ ವಿದುಷಿಯು ಇದನ್ನು ಖಂಡಿಸಿದಳು. ಅನಂತರ ನಿಜವನ್ನು ತಿಳಿಸಿದೆವು, ಉತ್ತರ ಬರೆದವರಲ್ಲಿ ನೂರಕ್ಕೆ ಸುಮಾರು 84 ಮಂದಿ ಸಂತೋಷವನ್ನೇ ಸೂಚಿಸಿರುವರು ಎಂಬುದು ಮಿಲ್‌ಗ್ರಾಮನ ಸಮಾಧಾನ.

ಈ ಸಮಾಧಾನವು ನನಗೆ ಸಾಲದು. ಉಪಾಧ್ಯಾಯನಾಗಿದ್ದಾಗ, ಬಾಲಕರ ಪ್ರಾಮಾಣಿಕತೆಯನ್ನು ನೋಡೋಣವೆಂದು, ಮೇಜಿನ ಮೇಲಿದ್ದ ಹಣ ಕಳೆದಿದೆಯೆಂದು ನಾನೊಮ್ಮೆ ಸುಳ್ಳು ಹೇಳಿದೆನು. ನಿರಪರಾಧಿಯಾದ ಬಡ ಹುಡುಗನೊಬ್ಬನು, ಎಲ್ಲರೂ ತನ್ನನ್ನೇ ನೋಡುತ್ತಿರುವರೆಂದು ಅತ್ತುಬಿಟ್ಟನು. ಕೂಡಲೇ ನಿಜವನ್ನು ಹೇಳಿದೆನು, ಅವನು ನಕ್ಕನು. ಆದರೆ ಅಂದಿನಿಂದ ನನ್ನ ಮಾತನ್ನು ಹಿಂದಿನಂತೆ ನಂಬಲಿಲ್ಲ.

1979ರಲ್ಲಿ ಅಮೆರಿಕಾದಲ್ಲಿ ಪ್ರಕಟವಾದ ಬೆಲ್ಮಾಂಟ್ ವರದಿಯು ಮೂರು ತತ್ತ್ವಗಳನ್ನು ವಿಧಿಸಿತು: ವ್ಯಕ್ತಿಗೌರವ, ಹಿತಚಿಂತನೆ, ನ್ಯಾಯ. ಇವುಗಳ ಫಲಿತಾರ್ಥವಿಷ್ಟೆ: ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು, ಬೇಡವೆಂದವನನ್ನು ಬಿಡಬೇಕು, ಹಾನಿಯನ್ನು ತಪ್ಪಿಸಬೇಕು, ಕಷ್ಟವನ್ನು ದುರ್ಬಲರ ಮೇಲೆಯೇ ಹೊರಿಸಕೂಡದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನಿಯಮಾವಳಿಯೂ ಸಾಮಾಜಿಕ ಮತ್ತು ವರ್ತನಾ ಸಂಶೋಧನೆಗೆ ಪ್ರತ್ಯೇಕ ಸ್ಥಾನವನ್ನಿತ್ತಿದೆ.

ಗೃಹಸ್ಥರೇ, ಪ್ರಶ್ನಾವಳಿಯನ್ನು ಹಿಡಿದವರು ನಿಮ್ಮ ಬಾಗಿಲಿಗೂ, ನಿಮ್ಮ ಮಕ್ಕಳ ಶಾಲೆಗೂ ಬರಬಹುದು. ಅವರನ್ನು ಆದರಿಸಿರಿ, ವಿದ್ಯೆಯು ಬೆಳೆಯಲಿ. ಆದರೆ ಉದ್ದೇಶವೇನು, ಗುಟ್ಟು ಉಳಿಯುವುದೇ, ನಡುವೆ ಬಿಡಬಹುದೇ ಎಂದು ಮೊದಲು ಕೇಳಿರಿ. ಕೇಳಿದುದಕ್ಕೆ ಮುನಿಯುವವನು ಇನ್ನೊಬ್ಬರ ಮನಸ್ಸನ್ನು ಪರೀಕ್ಷಿಸಲು ಯೋಗ್ಯನಲ್ಲ.