ಸೌದೆ ಗ್ಯಾಸು: ಹಸಿ ಕಟ್ಟಿಗೆ ಕಲಿಸಿದ ಪಾಠ

ಇದ್ದಿಲು ಸುಡೋದನ್ನು ನೀವೆಲ್ಲ ನೋಡಿರ್ತೀರಿ. ಗುಂಡಿಗೆ ಸೌದೆ ಪೇರಿಸಿ, ಮಣ್ಣು ಮುಚ್ಚಿ, ದಿನಗಟ್ಟಲೆ ನಿಧಾನ ಬೇಯಿಸ್ತಾರೆ. ಇದ್ದಿಲು ಉಳಿಯುತ್ತೆ. ಹೊಗೆ ಜೊತೆ ಉರಿಯೋ ಗ್ಯಾಸೂ ಟಾರೂ ಗಾಳಿಪಾಲು. ಅದೇ ಸೌದೆಗೆ ಮುಚ್ಚಿದ ಉಕ್ಕಿನ ಒಲೆಯಲ್ಲಿ ಅಳತೆಯ ಗಾಳಿ ಕೊಟ್ಟು ಸಾವಿರ ಡಿಗ್ರಿ ಹತ್ತಿರ ಕಾಯಿಸಿದರೆ ಟಾರೂ ಒಡೆದು ಗ್ಯಾಸಾಗುತ್ತೆ. ಇದೇ ಗ್ಯಾಸಿಫೈಯರ್.

ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ'ದವರು ಇದನ್ನು 5 ಅಶ್ವಶಕ್ತಿಯ ಡೀಸೆಲ್ ಎಂಜಿನ್‌ಗೆ ಜೋಡಿಸಿದರು. ಮನೆಗಳಿಗೆ ದೀಪ ಬಂತು. ಆಮೇಲೆ ಕುಡಿಯೋ ನೀರು, ಹಿಟ್ಟಿನ ಗಿರಣಿ. ಸೌದೆಗೆಂದೇ ಗಿಡ ಬೆಳೆಸಿದ್ದರು. ಹುಡುಗನಾಗಿದ್ದಾಗ ಅಲ್ಲಿಗೆ ಹೋಗಿ ನೋಡಿ ಬೆರಗಾಗಿದ್ದೆ.

ಮುಂದೆ ಶಿರಾ ಕಡೆಯ ನಮ್ಮೂರಲ್ಲೂ ನಾವು ಐದು ಜನ ಸೇರಿ ಬಾವಿ ಮೇಲಿನ ಡೀಸೆಲ್ ಪಂಪಿಗೆ ಒಂದು ಹಾಕಿಸಿದೆವು. ಎಂಜಿನ್‌ಗೆ ಡೀಸೆಲ್ ಸ್ವಲ್ಪ ಬೇಕೇ ಬೇಕು, ಬಹುಪಾಲು ಕೆಲಸ ಗ್ಯಾಸಿನದು. ಎರಡು ವರ್ಷ ಚೆನ್ನಾಗಿ ನಡೀತು.

ಮೂರನೇ ವರ್ಷ ಕಡಲೆಕಾಯಿ ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಿತು. ಒಣಸೌದೆ ಮುಗಿದಿತ್ತು. ಆಗಷ್ಟೇ ಕಡಿದ ಬಳ್ಳಾರಿ ಜಾಲಿ ತುಂಬಿದೆ. "ಒಣಗಲಿ ಕಣಯ್ಯ, ಅವಸರ ಬೇಡ" ಅಂದರು ಭಾವ. ನಾನು ಕೇಳಲಿಲ್ಲ. ಬೆಂಕಿಯ ಶಾಖವೆಲ್ಲ ಕಟ್ಟಿಗೆಯ ನೀರು ಆರಿಸೋದಕ್ಕೇ ಹೋಯಿತು, ಕಾವು ಇಳೀತು, ಟಾರು ಒಡೆಯಲಿಲ್ಲ. ಮೂರನೇ ದಿನ ವಾಲ್ವು ಅಂಟಿಕೊಂಡು ಎಂಜಿನ್ ನಿಂತಿತು. ರಿಪೇರಿಗೆ ಹನ್ನೊಂದು ದಿನ. ಬೆಳೆಯಲ್ಲಿ ಅರ್ಧ ಹೋಯಿತು, ನನ್ನದಷ್ಟೇ ಅಲ್ಲ, ಐದು ಜನರದ್ದೂ. ಆ ವರ್ಷ ಭಾವನ ಮುಖ ನೋಡೋಕೆ ನಾಚಿಕೆ ಆಗ್ತಿತ್ತು.

ಅವತ್ತಿಂದ ಕಲಿತದ್ದು ಇಷ್ಟು. ಸೌದೆ ಎರಡು ಮೂರು ಇಂಚಿನ ತುಂಡಾಗಿರಲಿ. ಬೇಸಿಗೆಯಲ್ಲೇ ಕಡಿದು ಒಣಗಿಸಿ ಮಾಡಿನ ಕೆಳಗೆ ಇಡಿ. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ಧಬ್ ಅಂದರೆ ಹಸಿ ಅಂತ ತಿಳೀರಿ. ಒಂದು ಯೂನಿಟ್ ಕರೆಂಟಿಗೆ ಒಂದರಿಂದ ಒಂದೂವರೆ ಕೆ.ಜಿ. ಒಣಸೌದೆ ಬೇಕು, ಲೆಕ್ಕ ಹಾಕಿ ಗಿಡ ನೆಡಿ. ರಾಗಿಹುಲ್ಲು ದನಕ್ಕೆ, ಸೊಪ್ಪುಸದೆ ಹೊಲಕ್ಕೆ. ಅವನ್ನು ಒಲೆಗೆ ಹಾಕಿದರೆ ನಾಳೆ ಭೂಮಿ ಬಡವಾಗುತ್ತೆ.

ಇನ್ನೊಂದು ಮಾತು. ಈ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ವಾಸನೆಯಿಲ್ಲ, ಆದರೆ ಆಳು ತೆಗೆಯುತ್ತೆ. ಮುಚ್ಚಿದ ಕೋಣೆಯಲ್ಲಿ ಯಂತ್ರ ಇಡಬೇಡಿ.

ಹಾಕಿಸೋರು ಮೊದಲು ಸೌದೆ ಮಾಡು ಕಟ್ಟಿ, ಆಮೇಲೆ ಯಂತ್ರ ತನ್ನಿ.